ಕಿಡ್ನಿ ತೊಂದ್ರಿ ಇದ್ದಾಗ ಬಸುರಿ ಆಗ್ಬೇಕಂದ್ರ ಏನೇನು ನೋಡ್ಕೋಬೇಕು

ಕಿಡ್ನಿ ಪ್ರಾಬ್ಲಮ್ ಐತಿ ಅಂದ ಕೂಡ್ಲೆ "ಮಕ್ಕಳ ಆಸೆ ಬಿಡವಾ" ಅನ್ನೋ ಮಂದಿ ನಮ್ಮ ಕೊಪ್ಪಳ, ರಾಯಚೂರು ಕಡೆ ಭಾಳ ಅದಾರ, ಆದ್ರ ಅದು ಎಲ್ಲಾರಿಗೂ ಖರೆ ಅಲ್ಲ. ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಹೊರಗ ಹಾಕ್ಬೇಕಾದ ಕಸ) ಎಷ್ಟೈತಿ, ಬಿಪಿ ಹಿಡಿತದಾಗ ಐತೇನು, ಯೂರಿನ್‌ನ್ಯಾಗ ಪ್ರೋಟೀನ್ ಎಷ್ಟು ಹೊಂಟೈತಿ, ರಿಸ್ಕ್ ಇವುಗಳ ಮ್ಯಾಲೆ ನಿಂತಿರ್ತೈತಿ. ಕಿಡ್ನಿ ತೊಂದ್ರಿನ 1ರಿಂದ 5ರ ತನಕ ಸ್ಟೇಜ್ ಅಂತ ಎಣಸ್ತಾರ, ನಂಬರ್ ಏರಿದಂಗ ಕಿಡ್ನಿ ಹೆಚ್ಚು ಕೆಟ್ಟಂಗ. ಸ್ಟೇಜ್ 1, 2 ಇದ್ದೋರಿಗೆ ಬಹಳಷ್ಟು ಸಲ ಹೆರಿಗಿ ಚಲೋನ ಆಗ್ತೈತಿ, ಆದ್ರೂ ಬಿಪಿ ಏರೋದು, ದಿನ ತುಂಬೋ ಮೊದಲ ಹೆರಿಗಿ, ಕೂಸು ತೂಕ ಕಮ್ಮಿ ಇರೋದು ಉಳಿದೋರಿಗಿಂತ ಜಾಸ್ತಿ. ಸ್ಟೇಜ್ 3 ಇಲ್ಲಾ ಅದಕ್ಕೂ ಮ್ಯಾಲಿದ್ರ ತಾಯಿ ಕಿಡ್ನಿನೂ ಮತ್ತಷ್ಟು ಕೆಡಬಹುದು, ಕೆಟ್ಟದ್ದು ಹೆರಿಗಿ ಆದ್ಮ್ಯಾಲೆ ಸರಿ ಹೋಗ್ದೇ ಇರಬಹುದು.

ಅದಕ್ಕ ಬಸುರಿ ಆಗೋಕಿಂತ ಮೂರ್‍ನಾಕು ತಿಂಗಳು ಮೊದಲ ಕಿಡ್ನಿ ಡಾಕ್ಟ್ರು, ಹೆರಿಗಿ ಡಾಕ್ಟ್ರು ಇಬ್ಬರನ್ನೂ ನೋಡ್ರಿ. ಅಲ್ಲಿತನ ಬಸುರಿ ಆಗ್ದಂಗ ಏನು ವಾಪರ್ಸಬೇಕು ಅಂತನೂ ಕೇಳ್ರಿ, ಬಿಪಿ ಇದ್ದೋರಿಗೆ ಮಾಮೂಲಿ ಮಾಲಾ ಗುಳಿಗಿ ಬರಂಗಿಲ್ಲ, ಕಾಪರ್-ಟಿ ನಡೀತೈತಿ.

ಗುಳಿಗಿ ವಿಚಾರದಾಗ ಭಾಳ ಹುಷಾರಿರ್ರಿ. ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್, ಎನಾಲಾಪ್ರಿಲ್ ಇವು ಕಿಡ್ನಿ ಪೇಶಂಟ್‌ಗೆ ದಿನಾ ಕೊಡೋ ಗುಳಿಗಿನ, ಆದ್ರ ಹೊಟ್ಟಿಯೊಳಗಿನ ಕೂಸಿನ ಕಿಡ್ನಿಗೆ ಪೆಟ್ಟು ಕೊಡ್ತಾವ. ಇವುಗಳ ಬದ್ಲಿ ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಬರ್ದು ಕೊಡ್ತಾರ. ನಮ್ಮ ಮಂದಿ ಏನ್ ಮಾಡ್ತಾರಂದ್ರ ಟೆಸ್ಟ್‌ನ್ಯಾಗ ಎರಡು ಗೆರಿ ಬಂದ್ವು ಅಂದ್ರ "ಬಸುರ್‍ಯಾಗ ಗುಳಿಗಿ ನುಂಗಬಾರ್ದು" ಅಂತ ಎಲ್ಲಾ ಒಮ್ಮೆಲೆ ಬಂದ್ ಮಾಡಿ ಕುಂತ್‌ಬಿಡ್ತಾರ, ಇದೂ ತಪ್ಪು, ಬಿಪಿ ಸರ್ರನೆ ಏರ್ತೈತಿ. ಗುಳಿಗಿ ಪಟ್ಟಿ ಕೈಯಾಗ ಹಿಡ್ಕೊಂಡು ಅವತ್ತ ಡಾಕ್ಟ್ರಿಗೆ ಫೋನ್ ಹಚ್ಚಿ ಒಂದೊಂದಾಗಿ ಹೆಸರು ಓದ್ರಿ. ಕಿಡ್ನಿ ಕಸಿ ಆದೋರು ಕಮ್ಮಿ ಅಂದ್ರೂ ಒಂದು ವರ್ಷ ತಡೀಬೇಕು, ಕಸಿ ಕಿಡ್ನಿನ ಮೈ ಒಲ್ಲೆ ಅನ್ನದಂಗ ಕೊಡೋ ಗುಳಿಗಿ ಮೈಕೋಫಿನೋಲೇಟ್‌ನ ಬಸುರಿ ಆಗಾಕ ನೋಡೋಕಿಂತ 6 ವಾರ ಮೊದಲ ಡಾಕ್ಟ್ರು ಬದ್ಲಿ ಮಾಡಿರಬೇಕು. ಲೂಪಸ್ (ಮೈಯ ರೋಗ ತಡೆಯೋ ಶಕ್ತಿನ ತನ್ನ ಮೈಗೆ, ಕಿಡ್ನಿಗೆ ಪೆಟ್ಟು ಕೊಡೋ ಬ್ಯಾನಿ) ಇದ್ದೋರಿಗೆ ಬಸುರಿ ಆಗೋಕಿಂತ ಮೊದಲ ಬ್ಯಾನಿ ಕಮ್ಮಿ ಅಂದ್ರೂ 6 ತಿಂಗಳು ತಣ್ಣಗಿರಬೇಕು.

ಬಸುರಿ ಆದ್ಮ್ಯಾಲೆ ರಿಪೋರ್ಟ್ ಓದೋದ್ರಾಗ ಒಂದು ಮೋಸ ಐತಿ. ಬಸುರ್‍ಯಾಗ ಕಿಡ್ನಿ ಜಾಸ್ತಿ ಕೆಲಸ ಮಾಡ್ತೈತಿ, ಕ್ರಿಯಾಟಿನಿನ್ 0.5, 0.6ರ ಆಜುಬಾಜು ಇಳೀಬೇಕು. ಲ್ಯಾಬ್ ಚೀಟ್ಯಾಗ 0.9 ಅಂತ ಬಂದಿರ್ತೈತಿ, ದಪ್ಪಕ್ಷರಾನೂ ಇರಂಗಿಲ್ಲ, ನಾರ್ಮಲ್ ಅಂತ ಮಡಚಿ ಇಡ್ತಾರ, ಯಾಕಂದ್ರ ಆ ರೇಂಜ್ ಬಸುರಿ ಅಲ್ಲದೋರಿಗೆ ಹಾಕಿದ್ದು. ಅದನ್ನ ಡಾಕ್ಟ್ರಿಗೆ ತೋರಿಸ್ರಿ.

ಪ್ರೀ-ಎಕ್ಲಾಂಪ್ಸಿಯಾ (ಬಸುರಿ ಇದ್ದಾಗ ಬಿಪಿ ಏರಿ ತಾಯಿಗೂ ಕೂಸಿಗೂ ಅಪಾಯ ತರೋ ತೊಂದ್ರಿ) ತಪ್ಪಿಸಾಕ 12 ವಾರದಿಂದ ಸಣ್ಣ ಡೋಸ್ ಆಸ್ಪಿರಿನ್ ಕೊಡ್ತಾರ, ನೀವಾಗಿ ಶುರು ಮಾಡಬ್ಯಾಡ್ರಿ, ಆದ್ರ ನನಗ ಬೇಕೇನ್ರಿ ಅಂತ ಕೇಳ್ರಿ. ಮನ್ಯಾಗ ಬಿಪಿ ಮಷಿನ್ ಇಟ್ಕೊಂಡು ಬರ್ದಿಡ್ರಿ, 135/85 ದಾಟ್ಕೋತ ಹೊಂಟ್ರ ಹೇಳ್ರಿ, 160/110 ಅಂದ್ರ ಅವತ್ತ ದವಾಖಾನಿ. ಅತ್ತಿ "ಬಸುರಿಗೆ ಕಾಲು ಬಾವು ಇದ್ದದ್ದ" ಅಂತಾರ, ಇರಲಿ, ಆದ್ರ ಮುಖ, ಕೈ ಬಾತ್ರ, ತಲಿ ಸಿಡಿದ್ರ, ಕಣ್ಣು ಮಬ್ಬಾದ್ರ, ಪಕ್ಕೆಲಬಿನ ಕೆಳಗ ನೋವಾದ್ರ, ಯೂರಿನ್ ಕಮ್ಮಿ ಆದ್ರ ಕಾಯಬಾರ್ದು. ತಾಯಿ ಕಾರ್ಡ್‌ನ್ಯಾಗ ಕಿಡ್ನಿ ತೊಂದ್ರಿ ಅಂತ ಬರೆಸ್ರಿ, ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ದವಾಖಾನ್ಯಾಗ ಬಸುರಿಯರಿಗೆ ಫ್ರೀ ಚೆಕಪ್ ಇರ್ತೈತಿ.

ಉಪ್ಪಿನಕಾಯಿ, ಹಪ್ಪಳ ಕಮ್ಮಿ ಮಾಡ್ರಿ. ಮೈಕೈ ನೋವು ಅಂತ ಮೆಡಿಕಲ್‌ನ್ಯಾಗ ಡೈಕ್ಲೋಫೆನಾಕ್ ತಗೋಬ್ಯಾಡ್ರಿ. ನಮ್ಮ ಬಿಸಲಾಗ ವಾಂತಿ ಭೇದಿ ಹತ್ತಿದ್ರ ಕಿಡ್ನಿ ಇನ್ನೂ ಲಗೂ ಸೋಲ್ತೈತಿ, ಒಂದು ದಿನಾನೂ ತಡ ಮಾಡಬ್ಯಾಡ್ರಿ.

ಇನ್ನ ತವರುಮನಿ. ಚೊಚ್ಚಲ ಹೆರಿಗಿ ತವರಾಗ ಆಗ್ಬೇಕು ಅಂತ ಕುಬುಸ ಆದ್ಮ್ಯಾಲೆ ಕರ್ಕೊಂಡು ಹೋಗಿಬಿಡ್ತಾರ, ಫೈಲ್ ಗಂಡನ ಮನ್ಯಾಗ, ಹುಡುಗಿ ಯಾವ್ದೋ ಹಳ್ಳ್ಯಾಗ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜ್ ಅದಾವ, ಎಲ್ಲೇ ಆಗ್ಲಿ, ಎಳೆ ಕೂಸಿನ ಐಸಿಯು, ಡಯಾಲಿಸಿಸ್, ಕಿಡ್ನಿ ಡಾಕ್ಟ್ರು ಅದಾರೇನು ಅಂತ ಮೊದಲ ಕೇಳಿ ಜಾಗ ಫಿಕ್ಸ್ ಮಾಡ್ರಿ. ಹಳ್ಳಿ ದೂರ ಇದ್ರ ಕುಬುಸ ಮಾಡಿಸ್ಕೊಂಡು ವಾಪಸ್ ಬರ್ರಿ, ಅವ್ವನ್ನ ನಿಮ್ಮ ಹತ್ರ ಕರೆಸ್ಕೊಳ್ರಿ.

ಹೆರಿಗಿ ಆದ ಮೊದಲ ವಾರದಾಗ ಬಿಪಿ ಮತ್ತ ಏರಬಹುದು, ಬಾಣಂತಿ ಅಂತ ಒಳಗ ಕುಂದ್ರಿಸಿ ಮಷಿನ್ ಮೂಲಿಗೆ ಹಾಕಬ್ಯಾಡ್ರಿ. ಹಾಲು ಕುಡಿಸುವಾಗ ಎನಾಲಾಪ್ರಿಲ್ ಸಾಮಾನ್ಯವಾಗಿ ನಡೀತೈತಿ, ಮೈಕೋಫಿನೋಲೇಟ್ ಬ್ಯಾಡ.