ಲಂಡನ್ನಿನ ಲಾ ಸೊಸೈಟಿಗೆ ಅಧ್ಯಕ್ಷರಾಗುವುದು ಹೇಗೆ? ಮೂರನೇ ಕುರ್ಚಿ ಹಿಡಿಯಿರಿ

ನಮ್ಮ ಕಡೆ ವಕೀಲರ ಸಂಘದ ಚುನಾವಣೆ ಬಂತೆಂದರೆ ಕೋರ್ಟ್ ಆವರಣದಲ್ಲಿ ಹಬ್ಬ. ಗೇಟಿನಲ್ಲೇ ಕೈಗೆ ಕರಪತ್ರ, ಕ್ಯಾಂಟೀನಿನಲ್ಲಿ ಯಾರದೋ ಲೆಕ್ಕದಲ್ಲಿ ಕಾಫಿ, ‘ಸಾರ್, ನಿಮ್ಮ ಒಂದು ವೋಟು ನಮಗೇ’ ಎಂಬ ಮಾತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾಲಿಸಿಟರ್‌ಗಳ ಸಂಘ ‘ಲಾ ಸೊಸೈಟಿ’ಯಲ್ಲಿ ಈ ಗದ್ದಲ ಇಲ್ಲ. ಮುಂದಿನ ವರ್ಷ ಅಧ್ಯಕ್ಷರು ಯಾರು ಎಂಬುದು ಅಲ್ಲಿ ಈ ವರ್ಷವೇ ಗೊತ್ತಿರುತ್ತದೆ. ಅದರಾಚೆಯ ವರ್ಷದ್ದೂ ಗೊತ್ತಿರುತ್ತದೆ. ಅದು ಹೇಗೆ ಅಂತೀರಾ? ಒಂದೊಂದೇ ಮೆಟ್ಟಿಲು ಹತ್ತಿ ನೋಡೋಣ.

ಮೊದಲ ಮೆಟ್ಟಿಲು: ಸಾಲಿಸಿಟರ್ ಆಗುವುದು

ಅಲ್ಲಿ ವಕೀಲರಲ್ಲಿ ಎರಡು ಬಗೆ. ಮೇಲಿನ ಕೋರ್ಟುಗಳಲ್ಲಿ ಹೆಚ್ಚಾಗಿ ವಾದ ಮಾಡುವವರು ಬ್ಯಾರಿಸ್ಟರ್. ಮನೆ ಖರೀದಿ, ಉಯಿಲು, ವಿಚ್ಛೇದನ ಎಂದು ಜನ ಮೊದಲು ಹೋಗಿ ಕೂರುವುದು ಸಾಲಿಸಿಟರ್ ಮುಂದೆ. ನಮ್ಮಲ್ಲಿ ಈ ಭೇದ ಹೋಗಿದೆ, ಆದರೆ ಮುಂಬೈನಲ್ಲಿ ಬಾಂಬೆ ಇನ್‌ಕಾರ್ಪೊರೇಟೆಡ್ ಲಾ ಸೊಸೈಟಿ ಇಂದಿಗೂ ಸಾಲಿಸಿಟರ್ ಪರೀಕ್ಷೆ ನಡೆಸುತ್ತದೆ.

2021ರಿಂದ ಇಂಗ್ಲೆಂಡಿನಲ್ಲಿ ಎಸ್‌ಕ್ಯೂಇ ಎಂಬ ಪರೀಕ್ಷೆ ಬಂದಿದೆ. ಮೊದಲ ಭಾಗದಲ್ಲೇ 360 ಪ್ರಶ್ನೆ. ಎರಡನೇ ಭಾಗದಲ್ಲಿ ಕಕ್ಷಿದಾರರ ಜೊತೆ ಮಾತು, ಕರಡು ಬರೆಯುವುದು, ವಾದ ಮಂಡಿಸುವುದು. ಇದರ ಮೇಲೆ ಎರಡು ವರ್ಷದ ಕೆಲಸದ ಅನುಭವ ಬೇಕು. ಬೆಂಗಳೂರಿನಲ್ಲಿ ಆಗಲೇ ಸನ್ನದು ಪಡೆದು ವಕೀಲಿ ಮಾಡುತ್ತಿರುವವರಿಗೆ ಆ ಎರಡು ವರ್ಷದ ಷರತ್ತು ಇಲ್ಲ.

ಎರಡನೆಯದು: ಕೌನ್ಸಿಲ್ ಒಳಗೆ ಕಾಲಿಡುವುದು

ಕೌನ್ಸಿಲ್ ಅಂದರೆ ಸಂಘದ ಪ್ರತಿನಿಧಿಗಳ ಸಭೆ, ಅದರಲ್ಲಿ ಸುಮಾರು ನೂರು ಜಾಗ. ಕೆಲವು ಊರು-ಪ್ರದೇಶದ ಲೆಕ್ಕದಲ್ಲಿ, ಕೆಲವು ವೃತ್ತಿಯ ಬಗೆ ನೋಡಿ, ಇನ್ನು ಕೆಲವು ಕಿರಿಯ ವಕೀಲರಂಥ ಗುಂಪುಗಳಿಗೆ. ಇಲ್ಲಿ ಕಮಿಟಿ, ಕಡತ, ಸಭೆ ಎಂದು ವರ್ಷಗಟ್ಟಲೆ ಬೆವರು ಸುರಿಸಬೇಕು. ಹೆಚ್ಚು ಹೇಳುವಂಥದ್ದೇನಿಲ್ಲ.

ಮೂರನೆಯದು: ಅಸಲಿ ಚುನಾವಣೆ

ಸ್ವಾರಸ್ಯ ಇರುವುದೇ ಇಲ್ಲಿ. ಮೇಲೆ ಮೂರು ಕುರ್ಚಿ: ಅಧ್ಯಕ್ಷ, ಉಪಾಧ್ಯಕ್ಷ, ಡೆಪ್ಯುಟಿ ಉಪಾಧ್ಯಕ್ಷ. (‘ಉಪ ಉಪಾಧ್ಯಕ್ಷ’ ಅಂದರೆ ತೊದಲಿದ ಹಾಗೆ ಕೇಳುತ್ತೆ, ಬಿಡಿ.) ಕೌನ್ಸಿಲ್ ಸದಸ್ಯರು ವೋಟು ಹಾಕಿ ಆರಿಸುವುದು ಈ ಮೂರನೇ ಕುರ್ಚಿಗೆ. ಅಲ್ಲಿ ಕೂತವರು ಮರುವರ್ಷ ಉಪಾಧ್ಯಕ್ಷರಾಗುತ್ತಾರೆ, ಅದರ ಮರುವರ್ಷ ಅಧ್ಯಕ್ಷರು. ಬಸ್ಸಿನ ಕ್ಯೂ ಇದ್ದ ಹಾಗೆ. ಕ್ಯೂನಲ್ಲಿ ನಿಲ್ಲಲು ಜಾಗ ಸಿಗುವುದೇ ಕಷ್ಟ, ಸಿಕ್ಕಿತೆಂದರೆ ಬಸ್ಸು ತಾನಾಗಿ ಬರುತ್ತದೆ.

ಐ. ಸ್ಟೆಫನಿ ಬಾಯ್ಸ್ ಅವರನ್ನು ಕೇಳಿದರೆ ಆ ಕಷ್ಟ ಹೇಳುತ್ತಾರೆ. ಅವರು ಡೆಪ್ಯುಟಿ ಆಗಿದ್ದು ನಾಲ್ಕನೇ ಪ್ರಯತ್ನದಲ್ಲಿ. 2021ರ ಮಾರ್ಚ್‌ನಲ್ಲಿ ಅಧ್ಯಕ್ಷ ಡೇವಿಡ್ ಗ್ರೀನ್ ಅವಧಿಗೆ ಮೊದಲೇ ಕೆಳಗಿಳಿದಾಗ ಉಪಾಧ್ಯಕ್ಷೆಯಾಗಿದ್ದ ಬಾಯ್ಸ್ ಬೇಗನೇ ಆ ಕುರ್ಚಿಗೆ ಬಂದರು. ಸಂಘದ ಮೊದಲ ಕಪ್ಪು ಅಧ್ಯಕ್ಷೆ ಅವರು. 2022ರ ಅಕ್ಟೋಬರ್‌ನಲ್ಲಿ ಅವರ ಹಿಂದಿದ್ದ ಲುಬ್ನಾ ಶುಜಾ ಮುಂದೆ ಬಂದರು. ಅವರು ಮೊದಲ ಏಷ್ಯನ್, ಮೊದಲ ಮುಸ್ಲಿಂ ಅಧ್ಯಕ್ಷೆ, ಲೆಕ್ಕದಲ್ಲಿ 178ನೆಯವರು.

ಹೆಂಗಸರಿಗೆ ಈ ಕ್ಯೂ ತುಂಬಾ ಉದ್ದ ಇತ್ತು. ಸಾಲಿಸಿಟರ್ ಪರೀಕ್ಷೆಗೇ ಕೂರಿಸುವುದಿಲ್ಲ ಎಂದಿದ್ದಕ್ಕೆ ಗ್ವಿನೆತ್ ಬೆಬ್ 1913ರಲ್ಲಿ ಇದೇ ಸೊಸೈಟಿ ಮೇಲೆ ಕೇಸು ಹಾಕಿ ಸೋತರು. 1919ರಲ್ಲಿ ಕಾನೂನು ಬದಲಾಯಿತು, 1922ರಲ್ಲಿ ಕ್ಯಾರಿ ಮಾರಿಸನ್ ಮೊದಲ ಮಹಿಳಾ ಸಾಲಿಸಿಟರ್ ಆದರು. ಮೊದಲ ಅಧ್ಯಕ್ಷೆ ಕ್ಯಾರೊಲಿನ್ ಕರ್ಬಿ ಬಂದದ್ದು 2002ರಲ್ಲಿ. ಎಂಬತ್ತು ವರ್ಷ!

ಕ್ಯೂ ತಪ್ಪಿಸಿದವರೂ ಇದ್ದಾರೆ. 1995ರಲ್ಲಿ ಮಾರ್ಟಿನ್ ಮಿಯರ್ಸ್ ಎಂಬುವರು ‘ಎಲ್ಲ ಸದಸ್ಯರೂ ವೋಟು ಹಾಕಲಿ’ ಎಂದು ನೇರ ಚುನಾವಣೆಗೆ ನಿಂತು ಗೆದ್ದೇಬಿಟ್ಟರು. ಮರುವರ್ಷ ಮತ್ತೆ ನಿಂತು ಸೋತರು. ಈಗ ಆ ಪದ್ಧತಿ ಇಲ್ಲ. ನನ್ನನ್ನು ಕೇಳಿದರೆ ಕ್ಯೂ ಪದ್ಧತಿಗೂ ತೊಂದರೆ ಇದೆ. ಕ್ಯೂನಲ್ಲಿ ಬಂದವರಿಗೆ ಕೆಲಸ ಗೊತ್ತಿರುತ್ತದೆ, ಆದರೆ ಹೊರಗಿನ ಸಿಟ್ಟು ಅವರ ಕಿವಿಗೆ ತಡವಾಗಿ ಬೀಳುತ್ತದೆ.

2013ರ ಡಿಸೆಂಬರ್‌ನಲ್ಲಿ ಹಾಗೇ ಆಯಿತು. ಬಡವರ ಕ್ರಿಮಿನಲ್ ಕೇಸುಗಳಿಗೆ ಸರ್ಕಾರ ಕೊಡುವ ಹಣ ಕಡಿತವಾಗುತ್ತಿತ್ತು. ಸಂಘ ಸರಿಯಾಗಿ ಎದುರಿಸಲಿಲ್ಲ ಎಂದು ಸದಸ್ಯರು ವಿಶೇಷ ಸಭೆ ಕರೆಸಿ ಅವಿಶ್ವಾಸ ಠರಾವು ಮಂಡಿಸಿದರು. ಪರ 228, ವಿರುದ್ಧ 213. ಠರಾವು ಪಾಸಾದರೂ ಅಧ್ಯಕ್ಷ ನಿಕ್ ಫ್ಲಕ್ ತಮ್ಮ ಅವಧಿ ಮುಗಿಸಿಯೇ ಇಳಿದರು.

ಕುರ್ಚಿ ಸಿಕ್ಕ ಮೇಲೆ

ಕಚೇರಿ ಚಾನ್ಸರಿ ಲೇನ್ 113. ಮುಂದಿನ ಕಂಬಿಗಳ ಮೇಲೆ ಚಿನ್ನದ ಬಣ್ಣದ ಪುಟ್ಟ ಸಿಂಹಗಳು ಕೂತಿವೆ. ಅವು ಮೊದಲು ಬ್ರಿಟಿಷ್ ಮ್ಯೂಸಿಯಂ ಮುಂದೆ ಇದ್ದವಂತೆ. ಹೊಸ ಸಾಲಿಸಿಟರ್‌ಗಳು ಅಪ್ಪ-ಅಮ್ಮನ ಜೊತೆ ಬಂದು ಪ್ರಮಾಣಪತ್ರ ಪಡೆಯುವ ಸಮಾರಂಭವೂ ಇಲ್ಲೇ ನಡೆಯುತ್ತದೆ.

ಇನ್ನೊಂದು ಕೆಲಸ ಹೊರಗಿನವರಿಗೆ ಗೊತ್ತಿರುವುದು ಕಮ್ಮಿ. ಲಂಡನ್ನಿನಲ್ಲಿ ಅಂಗಡಿ ಬಾಡಿಗೆಗೆ ಹಿಡಿದ ನಮ್ಮವರು ತಮ್ಮ ಕರಾರನ್ನು ಕೊನೆವರೆಗೂ ಓದಿ ನೋಡಲಿ. ‘ಜಗಳ ಬಂದು ಪಂಚರು ಯಾರೆಂದು ಒಪ್ಪಿಗೆ ಆಗದಿದ್ದರೆ, ಲಾ ಸೊಸೈಟಿ ಅಧ್ಯಕ್ಷರು ಹೆಸರಿಸಿದವರೇ ಪಂಚರು’ ಎಂಬ ಅರ್ಥದ ಸಾಲು ಅಲ್ಲಿರಬಹುದು. ಅಧ್ಯಕ್ಷರು ಯಾರೇ ಆಗಲಿ, ಆ ಸಾಲಿಗೆ ಬೆಲೆ ಇದೆ.

ಆದರೆ ನಿಮ್ಮ ಸಾಲಿಸಿಟರ್ ಸರಿಯಿಲ್ಲ ಎಂದು ಅಧ್ಯಕ್ಷರಿಗೆ ಸುಮ್ನೆ ಪತ್ರ ಬರೆಯಬೇಡಿ. ನಮ್ಮಲ್ಲಿ ಸನ್ನದು ಕೊಡುವುದೂ ಶಿಸ್ತು ಕ್ರಮ ನಡೆಸುವುದೂ ರಾಜ್ಯ ವಕೀಲರ ಪರಿಷತ್ತೇ ಅಲ್ವಾ? ಅಲ್ಲಿ 2007ರಲ್ಲಿ ಇದನ್ನು ಬೇರೆ ಮಾಡಿ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಗೆ ಕೊಟ್ಟರು. ಮೋಸ, ಹಣ ನುಂಗುವುದು ಇಂಥ ದೂರು ಅವರಿಗೆ. ಕೆಲಸ ತಡ, ಬಿಲ್ ಜಾಸ್ತಿ, ಫೋನ್ ಎತ್ತುವುದಿಲ್ಲ ಎಂಬಂಥವಾದರೆ ಮೊದಲು ನಿಮ್ಮ ಸಾಲಿಸಿಟರ್ ಕಚೇರಿಗೇ ಬರವಣಿಗೆಯಲ್ಲಿ ದೂರು ಕೊಡಿ, ಎಂಟು ವಾರ ಕಾಯಿರಿ. ಉತ್ತರ ಬರದಿದ್ದರೆ, ಬಂದದ್ದು ಸಮಾಧಾನ ತರದಿದ್ದರೆ, ಲೀಗಲ್ ಓಂಬುಡ್ಸ್‌ಮನ್ ಹತ್ತಿರ ಹೋಗಿ. ಅಲ್ಲಿ ದೂರು ಕೊಡಲು ಶುಲ್ಕ ಇಲ್ಲ.