ಕೂಸಿನ ಮೊದಲ ಹಲ್ಲು: ಜೊಲ್ಲು ಹಲ್ಲಿನದು, ಭೇದಿ ಹಲ್ಲಿನದಲ್ಲ

ನಮ್ಮ ಕಲಬುರಗಿ ಕಡೆ ಆರೇಳು ತಿಂಗಳ ಕೂಸಿಗೆ ಏನೇ ಆಗಲಿ, ಓಣಿಯಲ್ಲಿ ಸಿಗುವ ಉತ್ತರ ಒಂದೇ. ‘ಹಲ್ಲ ಬರ್ಲಿಕತ್ತಾವ ತಗೋ, ಏನೂ ಆಗಲ್ಲ.’ ಮೈ ಬಿಸಿಯಾದರೂ ಹಲ್ಲು, ಭೇದಿಯಾದರೂ ಹಲ್ಲು, ಹಾಲು ಬಿಟ್ಟು ಮಂಕಾಗಿ ಮಲಗಿದರೂ ಹಲ್ಲು. ಈ ಮಾತು ನಂಬಿ ಸುಮ್ನೆ ಕೂತು, ಆಮೇಲೆ ಕಣ್ಣು ಗುಳಿ ಬಿದ್ದ ಕೂಸನ್ನು ಎತ್ತಿಕೊಂಡು ದವಾಖಾನೆಗೆ ಓಡುವವರನ್ನು ಬೇಸಿಗೆ ಬಂದಾಗಲೆಲ್ಲ ನೋಡುತ್ತೇನೆ. ಹಲ್ಲು ಬರುವ ಕೂಸನ್ನು ಸಂಭಾಳಿಸುವುದು ಅಷ್ಟೇನೂ ಕಷ್ಟದ ಕೆಲಸ ಅಲ್ಲ. ಯಾವುದು ಹಲ್ಲಿನಿಂದ ಆಗಿದ್ದು, ಯಾವುದು ಬೇರೆ ಕಾಯಿಲೆ ಅಂತ ಗುರುತು ಹಿಡಿಯುವ ಕಡೆ ಮಾತ್ರ ಜನ ಎಡವುತ್ತಾರೆ. ಹಾಗಾಗಿ ಈ ಲೇಖನದಲ್ಲಿ ಮೂರನೇ ಹಂತ ಉದ್ದ ಆಗಿದೆ, ಉಳಿದದ್ದು ಬೇಗ ಮುಗಿಯುತ್ತದೆ.

ಒಂದು: ಯಾವಾಗ, ಯಾವ ಹಲ್ಲು

ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿನಲ್ಲಿ ಕೆಳಗಿನ ಎರಡು ಮುಂದಿನ ಹಲ್ಲು ಕಾಣುತ್ತವೆ. ನಾಲ್ಕು ತಿಂಗಳಿಗೇ ಬಂದರೂ ಸರಿ, ವರ್ಷ ತುಂಬುವ ಹೊತ್ತಿಗೆ ಬಂದರೂ ಸರಿ. ಆಮೇಲೆ ಮೇಲಿನ ಎರಡು, ಪಕ್ಕದವು, ವರ್ಷ ದಾಟಿದ ಮೇಲೆ ದವಡೆ ಹಲ್ಲು, ಅದಾದ ಮೇಲೆ ಕೋರೆ ಹಲ್ಲು. ಮೂರು ವರ್ಷದ ಹೊತ್ತಿಗೆ 20 ಹಾಲುಹಲ್ಲು ಪೂರ್ತಿ. ಪಕ್ಕದ ಮನೆ ಕೂಸಿಗೆ ಐದು ತಿಂಗಳಿಗೇ ಬಂತು, ನಮ್ಮದಕ್ಕೆ ಇನ್ನೂ ಇಲ್ಲ ಅಂತ ಕೊರಗಬೇಡಿ. ವರ್ಷ ದಾಟಿ ಒಂದೆರಡು ತಿಂಗಳಾದರೂ ಒಂದೂ ಕಾಣದಿದ್ದರೆ ದಂತವೈದ್ಯರಿಗೆ ತೋರಿಸಿ, ಅಷ್ಟೇ.

ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕಂಟಕ ಅಂತ ಹೇಳುವವರು ಈಗಲೂ ಇದ್ದಾರೆ. ಮಾಮಾಗೆ ಏನೂ ಆಗುವುದಿಲ್ಲ, ಬಿಡಿ. ಬೇಕಾದರೆ ಆ ನೆಪದಲ್ಲಿ ಅವನಿಂದ ಕೂಸಿಗೊಂದು ಅಂಗಿ ವಸೂಲಿ ಮಾಡಿಕೊಳ್ಳಿ.

ಎರಡು: ವಸಡಿಗೆ ತಂಪು, ಮೇಲೊಂದಿಷ್ಟು ಒತ್ತಡ

ಹಲ್ಲು ಮೇಲೆ ಬರುವಾಗ ವಸಡು ಊದಿ ಕೆಂಪಾಗುತ್ತದೆ, ನವೆ ಬರುತ್ತದೆ. ಕೂಸಿಗೆ ಬೇಕಾಗುವುದು ಎರಡೇ: ತಂಪು, ಮತ್ತು ಕಚ್ಚಲು ಏನಾದರೂ. ಕೈಯನ್ನು ಸೋಪು ಹಚ್ಚಿ ತೊಳೆದು, ಉಗುರು ಕತ್ತರಿಸಿದ ಬೆರಳಿನಿಂದ ವಸಡನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ. ತಿಕ್ಕಬೇಡಿ, ಒತ್ತಿ. ಮೆಣಸಿನಕಾಯಿ ಕುಟ್ಟಿದ ಕೈ ಆದರೆ ಆ ಕೆಲಸ ಮನೆಯಲ್ಲಿ ಬೇರೆಯವರಿಗೆ ಕೊಡಿ, ಯಾಕೆಂದರೆ ನಮ್ಮ ಕಡೆಯ ಖಾರ ಒಂದು ಸಲ ತೊಳೆದರೆ ಹೋಗುವಂಥದ್ದಲ್ಲ.

ತಂಪಿಗೆ ನನ್ನ ಮತ ಹಳೇ ಮೆತ್ತನೆ ಹತ್ತಿ ಬಟ್ಟೆಗೆ. ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ಹಿಂಡಿ, ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು, ಒಂದು ತುದಿಯನ್ನು ನೀವೇ ಹಿಡಿದು ಇನ್ನೊಂದನ್ನು ಕೂಸಿಗೆ ಕಚ್ಚಲು ಕೊಡಿ. ಕರೆಂಟು ಹೋಗಿದ್ದರೆ ಮಣ್ಣಿನ ಗಡಿಗೆ ಇದೆಯಲ್ಲ, ಸ್ಟೀಲ್ ಚಮಚವನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಗಡಿಗೆ ನೀರಿನಲ್ಲಿ ಇಳಿಬಿಡಿ, ಚಮಚದ ಬೆನ್ನನ್ನು ವಸಡಿಗೆ ತಾಗಿಸಿದರೆ ಸಾಕು. ಗಾಡಿ ಮೇಲೆ ಸಿಗುವ ಬರ್ಫ ಮಾತ್ರ ಹತ್ತಿರ ತರಬೇಡಿ. ಯಾವ ನೀರಿನದೋ ಗೊತ್ತಿಲ್ಲ, ಜೊತೆಗೆ ಅಷ್ಟು ಗಟ್ಟಿ ಚಳಿ ವಸಡನ್ನು ಸುಡುತ್ತದೆ.

ಟೀಥರ್, ಅಂದರೆ ಕೂಸು ಕಡಿಯುವ ಆಟಿಕೆ, ಕೊಳ್ಳುವುದಾದರೆ ಒಳಗೆ ನೀರು ತುಂಬಿದ್ದು ಬೇಡ, ಅದು ಒಡೆಯುತ್ತದೆ. ಒಂದೇ ತುಂಡಿನ, ಗಟ್ಟಿ ರಬ್ಬರು ಅಥವಾ ಸಿಲಿಕೋನಿನದು ತನ್ನಿ. ಫ್ರಿಜ್‌ನಲ್ಲಿಡಿ, ಫ್ರೀಜರಿನಲ್ಲಿ ಬೇಡ. ಶರಣಬಸವೇಶ್ವರ ಜಾತ್ರೆಯಲ್ಲಿ ಸಾಲಾಗಿ ತೂಗುವ ಬಣ್ಣದ ಗಿಲಕಿಗಳನ್ನು ನೋಡಲು ಚೆಂದ. ಬಾಯಿಗೆ ಹಾಕಿಕೊಳ್ಳುವ ಕೂಸಿಗೆ ಅದಲ್ಲ. ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ, ಅದನ್ನು ನೋಡಿ ತಗೊಳ್ಳಿ. ಕೊರಳಿಗೆ ಹಾಕುವ ಮಣಿಸರದ ಟೀಥರ್ ಬೇಡವೇ ಬೇಡ. ಅದು ಕುತ್ತಿಗೆ ಬಿಗಿಯಬಹುದು, ಹರಿದರೆ ಮಣಿ ಗಂಟಲಿಗೆ ಹೋಗಬಹುದು. ಕೈಗೆ ಕಟ್ಟಿದ ಕರಿಮಣಿ, ಬೆಳ್ಳಿ ಕಡಗದ ಸಣ್ಣ ಗೆಜ್ಜೆ ಇವನ್ನೂ ಒಮ್ಮೆ ಎಳೆದು ನೋಡಿ. ಹಲ್ಲು ಬರುವ ಕೂಸು ಮೊದಲು ಕಡಿಯುವುದು ಅದನ್ನೇ.

ಕಟಕ ರೊಟ್ಟಿ (ಒಣಗಿದ ಗಟ್ಟಿ ರೊಟ್ಟಿ) ತುಂಡು ಕೈಗೆ ಕೊಟ್ಟು ಕೂರಿಸುವುದು ನಮ್ಮಲ್ಲಿ ಹಳೇ ರೂಢಿ. ನನಗೆ ಇದು ಸ್ವಲ್ಪವೂ ಇಷ್ಟ ಇಲ್ಲ. ಕೂಸಿನ ಜೊಲ್ಲಿಗೆ ರೊಟ್ಟಿ ಅಂಚು ನೆನೆದು ಚೂರಾಗಿ ಮುರಿಯುತ್ತದೆ, ಆ ಚೂರು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಉತ್ತತ್ತಿ, ಗಜ್ಜರಿ ತುಂಡಿಗೂ ಇದೇ ಮಾತು. ರೊಟ್ಟಿ ಕೊಡಲೇಬೇಕು ಅಂದರೆ ಬಿಸಿ ರೊಟ್ಟಿಯನ್ನು ಬೇಳೆ ಕಟ್ಟಿನಲ್ಲಿ ಚೆನ್ನಾಗಿ ಕಿವುಚಿ ಊಟವಾಗಿ ಕೊಡಿ.

ಜೊಲ್ಲಿಗೆ ಹತ್ತಿ ಬಟ್ಟೆ ಕಟ್ಟಿ, ನೆನೆದ ಕೂಡಲೇ ಬದಲಿಸಿ, ಗದ್ದಕ್ಕೆ ತೆಳ್ಳಗೆ ಕೊಬ್ಬರಿ ಎಣ್ಣೆ ಹಚ್ಚಿ. ಒರೆಸುವಾಗ ತಿಕ್ಕದೆ ಒತ್ತಿ ಒರೆಸಿ. ವಸಡಿನ ಮೇಲೆ ನೀಲಿ ಗುಳ್ಳೆ ಕಂಡರೆ ಗಾಬರಿ ಬೇಡ, ಚುಚ್ಚಲೂಬೇಡಿ. ಒಳಗಿನ ಹಲ್ಲು ಹೊರಗೆ ಬಂದರೆ ತಾನೇ ಹೋಗುತ್ತದೆ.

ಮೂರು: ಹಲ್ಲೋ, ಕಾಯಿಲೆಯೋ

ಹಲ್ಲಿನಿಂದ ಆಗುವುದು ಇಷ್ಟು: ಜೊಲ್ಲು, ಸಿಕ್ಕಿದ್ದನ್ನೆಲ್ಲ ಕಡಿಯುವುದು, ಕಿರಿಕಿರಿ, ನಿದ್ದೆ ಹಾಳು, ಊಟ ಸ್ವಲ್ಪ ಕಡಿಮೆ, ಮೈ ತುಸು ಬೆಚ್ಚಗೆ. ಇದೂ ಹಲ್ಲು ಕಾಣುವ ಮುಂಚೆ ಮೂರ್ನಾಲ್ಕು ದಿನ, ಆಮೇಲೆ ಎರಡು ಮೂರು ದಿನ. ತಿಂಗಳುಗಟ್ಟಲೆ ಅಳುವ ಕೂಸಿಗೆ ಹಲ್ಲೇ ಕಾರಣ ಅನ್ನಬೇಡಿ. ಜೋರು ಜ್ವರ, ನೀರಿನಂಥ ಭೇದಿ, ಮತ್ತೆ ಮತ್ತೆ ವಾಂತಿ, ಕೆಮ್ಮು, ಮೈತುಂಬ ದದ್ದು, ಫಿಟ್ಸ್ ಇವು ಯಾವುವೂ ಹಲ್ಲಿನಿಂದ ಬರುವುದಿಲ್ಲ.

ಹಾಗಾದರೆ ಹಲ್ಲು ಬರುವಾಗಲೇ ಯಾಕೆ ಭೇದಿ ಆಗುತ್ತದೆ? ಅಜ್ಜಿಯರು ಕಂಡದ್ದು ಸುಳ್ಳಲ್ಲ, ಕೊಟ್ಟ ಕಾರಣ ತಪ್ಪು. ಬಸುರಿನಲ್ಲಿದ್ದಾಗ ತಾಯಿಯಿಂದ ಬಂದ ರೋಗ ತಡೆಯುವ ಶಕ್ತಿ ಆರು ತಿಂಗಳ ಹೊತ್ತಿಗೆ ಇಳಿಯುತ್ತದೆ. ಅದೇ ಹೊತ್ತಿಗೆ ಅಂಬಲಿ, ಗಂಜಿ, ಬಾಟಲಿ ಹಾಲು, ಹೊರಗಿನ ನೀರು ಶುರುವಾಗುತ್ತದೆ. ಅದೇ ಹೊತ್ತಿಗೆ ಕೂಸು ಅಂಬೆಗಾಲಿಡುತ್ತದೆ, ವಸಡಿನ ನವೆಗೆ ನೆಲದ ಮೇಲಿನ ಚಪ್ಪಲಿಯಿಂದ ಹಿಡಿದು ಎಲ್ಲವನ್ನೂ ಬಾಯಿಗೆ ಹಾಕುತ್ತದೆ. ಹೊಟ್ಟೆಗೆ ಸೋಂಕು ಹೋಗುವುದು ಹೀಗೆ. ಹಲ್ಲು ಆ ಹೊತ್ತಿಗೆ ಸುಮ್ನೆ ಜೊತೆಯಲ್ಲಿ ಬಂದಿರುತ್ತದೆ, ಅಷ್ಟೇ.

ಜ್ವರ ನೋಡುವಾಗ ಕೈಯ ಅಂದಾಜು ನಂಬಬೇಡಿ. ನಮ್ಮೂರಲ್ಲಿ ಮೇ ತಿಂಗಳು ಹೊರಗೆ 42 ಡಿಗ್ರಿ ಸುಡುವಾಗ, ಕುಂಚಿಗೆ ಕಟ್ಟಿ ದುಪ್ಪಟಿ ಸುತ್ತಿದ ಕೂಸಿನ ಮೈ ಬಿಸಿ ಇರದೆ ಇನ್ನೇನು? ಮೊದಲು ಬಟ್ಟೆ ಬಿಚ್ಚಿ, ಫ್ಯಾನಿನ ಕೆಳಗೆ ಕಾಲು ಗಂಟೆ ಮಲಗಿಸಿ. ಆಮೇಲೆ ಕಂಕುಳ ಬೆವರು ಒರೆಸಿ, ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಕಂಕುಳ ನಡುವೆ ಇಟ್ಟು, ತೋಳನ್ನು ಮೈಗೆ ಒತ್ತಿ ಹಿಡಿದು, ಬೀಪ್ ಬರುವ ತನಕ ಕಾಯಿರಿ. 99.5 ಫ್ಯಾರನ್‌ಹೀಟ್ ದಾಟಿದರೆ ಜ್ವರ ಅಂತಲೇ ಲೆಕ್ಕ ಹಿಡಿದು ಕಣ್ಣಿಡಿ. 100.4 ದಾಟಿದರೆ ಹಲ್ಲಿನ ಮಾತು ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಮನೆಯಲ್ಲಿ ಹಿರಿಯರು ಬೇಡ ಅಂದರೆ ಜಗಳಕ್ಕೆ ನಿಲ್ಲಬೇಡಿ. ‘ಹಲ್ಲ ಬರ್ಲಿಕತ್ತಾವ ಖರೆ ಅತ್ತಿ, ಆದ್ರ ಜರನೂ ಅದ. ಒಮ್ಮಿ ತೋರಿಸ್ಕೊಂಡ ಬರ್ತೀವ್ರಿ’ ಅಂದರೆ ಯಾವ ಅತ್ತೆಯೂ ಅಡ್ಡ ಬರುವುದಿಲ್ಲ.

ಭೇದಿ ಶುರುವಾದರೆ ಕೊಡಬೇಕಾದ್ದು ಓಆರ್‌ಎಸ್, ಅಂದರೆ ಮೈಯಿಂದ ಹೋದ ನೀರು, ಉಪ್ಪನ್ನು ತುಂಬಿಕೊಡಲು ನೀರಿನಲ್ಲಿ ಕಲಸಿ ಕುಡಿಸುವ ಪುಡಿ. ಇಲ್ಲೇ ಜಾಸ್ತಿ ಜನ ತಪ್ಪುವುದು. ದೊಡ್ಡ ಪೊಟ್ಟಣ ಒಂದು ಲೀಟರಿಗೆ. ಕುದಿಸಿ ಆರಿಸಿದ ಒಂದು ಲೀಟರ್ ನೀರನ್ನು ಅಳೆದುಕೊಂಡು, ಪೊಟ್ಟಣ ಪೂರ್ತಿ ಒಂದೇ ಸಲ ಹಾಕಿ ಕಲಸಿ. ಕೂಸು ಸಣ್ಣದು ಅಂತ ಲೋಟ ನೀರಿಗೆ ಒಂದು ಚಿಟಿಕೆ ಹಾಕುವವರಿದ್ದಾರೆ, ಅರ್ಧ ಪೊಟ್ಟಣ ಗಂಟು ಕಟ್ಟಿಡುವವರಿದ್ದಾರೆ. ನೀರು ಜಾಸ್ತಿಯಾದರೆ ಕೆಲಸ ಮಾಡುವುದಿಲ್ಲ, ಕಡಿಮೆಯಾದರೆ ಉಪ್ಪು ಏರಿ ಕೂಸಿಗೆ ಅಪಾಯ. ಸಣ್ಣ ಪೊಟ್ಟಣ ಸಿಕ್ಕರೆ ಅದರ ಮೇಲೆ ಬರೆದಷ್ಟೇ ನೀರು. ಮೇಲೆ ಸಕ್ಕರೆ ಹಾಕಬೇಡಿ, ಮತ್ತೆ ಕುದಿಸಬೇಡಿ, 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ.

ಪ್ರತಿ ಸಲ ಭೇದಿ ಆದಾಗ ಎರಡು ವರ್ಷದೊಳಗಿನ ಕೂಸಿಗೆ 50ರಿಂದ 100 ಮಿಲಿ. ಅಂದರೆ ಕಾಲು ಲೋಟದಿಂದ ಅರ್ಧ ಲೋಟ. ಬಾಟಲಿ ಬೇಡ, ಚಮಚದಲ್ಲಿ ಒಂದೊಂದೇ ಕೊಡಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನ ಮಾಡಿ. ಎದೆಹಾಲು ನಿಲ್ಲಿಸಲೇಬೇಡಿ, ಇನ್ನೂ ಜಾಸ್ತಿ ಸಲ ಕೊಡಿ. ಆರು ತಿಂಗಳು ದಾಟಿದ ಕೂಸಿಗೆ ಜಿಂಕ್ ಮಾತ್ರೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಸಣ್ಣ ಕೂಸಿಗೆ 10, ಒಟ್ಟು 14 ದಿನ. ಭೇದಿ ನಿಂತರೂ 14 ದಿನ ಪೂರ್ತಿ ಮಾಡಬೇಕು. ಓಆರ್‌ಎಸ್, ಜಿಂಕ್ ಎರಡನ್ನೂ ಆಶಾ ಕಾರ್ಯಕರ್ತೆಯರ ಹತ್ತಿರ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಡುತ್ತಾರೆ, ಕೇಳಿ ತಗೊಳ್ಳಿ.

ಅಂಗಡಿಯಲ್ಲಿ ರಟ್ಟಿನ ಡಬ್ಬಿಯಲ್ಲಿ ಸಿಗುತ್ತಿದ್ದ ಸಿಹಿ ಜ್ಯೂಸಿಗೆ ಓಆರ್‌ಎಸ್ ಅಂತ ಹೆಸರು ಬರೆದು ಮಾರಿದ ಕಾಲ ಇತ್ತು. ಸಕ್ಕರೆ ಸುರಿದ ಆ ನೀರು ಭೇದಿಯನ್ನು ಇನ್ನೂ ಜೋರು ಮಾಡುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಂಥ ಪಾನೀಯಕ್ಕೆ ಆ ಹೆಸರು ಹಾಕಬಾರದು ಅಂತ ಆದೇಶ ಮಾಡಿತು. ಆದರೂ ಮೆಡಿಕಲ್ ಅಂಗಡಿಯಲ್ಲಿ ಪುಡಿ ಪೊಟ್ಟಣವನ್ನೇ ಕೇಳಿ, ಡಬ್ಬಿ ಬೇಡ ಅನ್ನಿ.

ಇನ್ನು ಯಾವಾಗ ಮನೆಯಲ್ಲಿ ಕಾಯಲೇಬಾರದು? ಕಣ್ಣು ಒಳಗೆ ಹೋಗಿದ್ದರೆ, ನೆತ್ತಿ ತಗ್ಗಾಗಿದ್ದರೆ, ಆರು ಗಂಟೆ ಕಳೆದರೂ ಉಚ್ಚೆ ಹೊಯ್ಯದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ಕೂಸು ಕುಡಿಯಲು ಆಗದಷ್ಟು ಮಂಕಾಗಿದ್ದರೆ. ಆಗ 108ಕ್ಕೆ ಫೋನ್ ಮಾಡಿ, ಇಲ್ಲ ಸಿಕ್ಕ ಆಟೋದಲ್ಲೇ ಹೊರಡಿ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್ ಸರ್ಕಾರಿ ದವಾಖಾನೆ ಇದೆ. ಕೂಸು ನುಂಗುತ್ತಿದ್ದರೆ ದಾರಿಯುದ್ದಕ್ಕೂ ಓಆರ್‌ಎಸ್ ಚಮಚ ನಿಲ್ಲಬಾರದು. ಭೇದಿ ನಿಲ್ಲಲಿ ಅಂತ ಹೊಟ್ಟೆಗೆ ಬರೆ ಹಾಕಿಸುವವರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಸುಟ್ಟ ಗಾಯ ಮತ್ತು ಕಳೆದುಕೊಂಡ ಹೊತ್ತು, ಕೂಸಿಗೆ ಅದರಿಂದ ಸಿಗುವುದು ಇವೆರಡೇ.

ನಾಲ್ಕು: ಬಾಯಿಗೆ ಏನು ಹಚ್ಚಬಾರದು

ನನ್ನ ಕೇಳಿದರೆ ವಸಡಿಗೆ ಹಚ್ಚುವ ಜೆಲ್ ಯಾವುದೂ ಬೇಡ. ಮರಗಟ್ಟಿಸುವ ಜೆಲ್‌ಗಳಲ್ಲಿ ಬೆಂಜೊಕೇನ್ ಅಥವಾ ಲಿಡೊಕೇನ್ ಇರುತ್ತದೆ. ಬೆಂಜೊಕೇನ್‌ನಿಂದ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯೇ ಕಡಿಮೆಯಾಗಬಹುದು. ಎರಡು ವರ್ಷದೊಳಗಿನ ಮಕ್ಕಳಿಗೆ ಇದನ್ನು ಮಾರಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಕಂಪನಿಗಳಿಗೆ ಹೇಳಿತು. ದೊಡ್ಡವರ ಬಾಯಿಹುಣ್ಣಿನ ಜೆಲ್ ಮನೆಯಲ್ಲಿದೆ ಅಂತ ಕೂಸಿಗೆ ಹಚ್ಚುವುದಂತೂ ಬೇಡವೇ ಬೇಡ. ಹಚ್ಚಿದರೂ ಜೊಲ್ಲಿನ ಜೊತೆ ಕೆಲವೇ ನಿಮಿಷದಲ್ಲಿ ಹೊಟ್ಟೆಗೆ ಇಳಿಯುತ್ತದೆ.

ಮನೆಮದ್ದಿನಲ್ಲೂ ಆರಿಸಿಕೊಳ್ಳಬೇಕು. ಜೇನುತುಪ್ಪ ವರ್ಷ ತುಂಬುವ ತನಕ ಒಂದು ಹನಿಯೂ ಬೇಡ. ಅದರಲ್ಲಿರಬಹುದಾದ ರೋಗಾಣುವಿನಿಂದ ಸಣ್ಣ ಕೂಸಿನ ಸ್ನಾಯುಗಳೇ ಸೋಲುವ ಬೊಟುಲಿಸಂ ಬರಬಹುದು. ಬಿಳಿಗಾರ ವಿಷ. ಲವಂಗದ ಎಣ್ಣೆ ಮೆತ್ತನೆ ವಸಡನ್ನು ಸುಡುತ್ತದೆ. ಗ್ರೈಪ್ ವಾಟರ್ ಹಲ್ಲಿಗೆ ಏನೂ ಮಾಡುವುದಿಲ್ಲ.

ರಾತ್ರಿ ನಿಜವಾಗಿ ನೋವಿದ್ದು ಒದ್ದಾಡಿದರೆ ಪ್ಯಾರಸಿಟಮಾಲ್ ಇದೆ. ಅದನ್ನು ಕೂಸಿನ ತೂಕ ನೋಡಿ ಡಾಕ್ಟರೇ ಹೇಳಬೇಕು, ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ ಲೆಕ್ಕ. ಇಲ್ಲೊಂದು ಹೊಂಡ ಇದೆ, ನೋಡಿ. ಹನಿಯ ಬಾಟಲಿಯಲ್ಲಿ ಸಾಮಾನ್ಯವಾಗಿ ಒಂದು ಮಿಲಿಗೆ 100 ಮಿಲಿಗ್ರಾಂ ಇರುತ್ತದೆ, ಸಿರಪ್‌ನಲ್ಲಿ ಐದು ಮಿಲಿಗೆ 125. ಅಂದರೆ ಹನಿ ನಾಲ್ಕು ಪಟ್ಟು ಗಡುಸು. ಸಿರಪ್ ಮುಗಿಯಿತು ಅಂತ ಅಷ್ಟೇ ಅಳತೆ ಹನಿ ಕೊಟ್ಟರೆ ಲಿವರಿಗೆ ಪೆಟ್ಟು. ಬಾಟಲಿ ಬದಲಾದರೆ ಅಳತೆಯನ್ನು ಮತ್ತೆ ಕೇಳಿ. ಆಸ್ಪಿರಿನ್ ಮಕ್ಕಳಿಗೆ ಕೊಡುವ ಹಾಗಿಲ್ಲ.

ಐದು: ಹಾಲು ಕುಡಿಯುವಾಗ ಕಚ್ಚಿದರೆ

ಹಲ್ಲು ಬಂತು, ಇನ್ನು ಎದೆಹಾಲು ಬಿಡಿಸೋಣ ಅನ್ನುವವರ ಮಾತು ಕೇಳಬೇಡಿ. ಸರಿಯಾಗಿ ಹಾಲು ಎಳೆಯುವಾಗ ಕೂಸಿನ ನಾಲಿಗೆ ಕೆಳಗಿನ ಹಲ್ಲಿನ ಮೇಲೆ ಬಂದಿರುತ್ತದೆ, ಆಗ ಅದಕ್ಕೆ ಕಚ್ಚಲು ಬರುವುದೇ ಇಲ್ಲ. ಕಚ್ಚುವುದು ಹೊಟ್ಟೆ ತುಂಬಿ ಆಟಕ್ಕೆ ಇಳಿದಾಗ. ನುಂಗುವುದು ನಿಂತಿತು ಅನ್ನಿಸಿದ ಕೂಡಲೇ ಬಾಯಿಯ ಅಂಚಿನಲ್ಲಿ ಕಿರುಬೆರಳು ತೂರಿಸಿ ಬಿಡಿಸಿ. ಎಳೆದು ಬಿಡಿಸಿದರೆ ಗಾಯ. ಚೀರಬೇಡಿ, ಕೆಲವು ಕೂಸುಗಳಿಗೆ ಅದೇ ಮಜಾ ಅನ್ನಿಸಿ ಮತ್ತೆ ಕಚ್ಚುತ್ತವೆ. ಕುಡಿಯುವ ಮುಂಚೆ ತಂಪು ಬಟ್ಟೆ ಒಂದಿಷ್ಟು ಕಡಿಯಲು ಕೊಟ್ಟರೆ ನವೆ ಅಲ್ಲೇ ಇಳಿದಿರುತ್ತದೆ.

ಆರು: ಬಂದ ಹಲ್ಲನ್ನು ಉಜ್ಜಿ

ಮೊದಲ ಹಲ್ಲು ಕಂಡ ದಿನವೇ ಶುರು. ಹಾಲುಹಲ್ಲು ಹೇಗೂ ಬೀಳುತ್ತದೆ ಅಂತ ಬಿಡಬೇಡಿ, ದವಡೆಯ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೆ ಇರಬೇಕು. ಮೆತ್ತನೆ ಎಳೆಯ ಸಣ್ಣ ಬ್ರಷ್, ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ. ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ, ಮುಂದಿನ ಹಲ್ಲು ಕಪ್ಪಾಗಿ ಕೊಳೆಯುವುದು ಹೀಗೇ. ದೊಡ್ಡವರ ಕೆಂಪು ಹಲ್ಲುಪುಡಿ ಬೇಡ. ಮಿಶ್ರಿಯನ್ನಂತೂ ಮುಟ್ಟಿಸಲೇಬೇಡಿ, ಅದು ಸುಟ್ಟ ತಂಬಾಕು.

ಪೇಸ್ಟ್ ವಿಷಯದಲ್ಲಿ ಒಂದು ಮಾತು ನಮ್ಮ ಭಾಗಕ್ಕೇ ಬೇರೆ. ಸಾಮಾನ್ಯ ಸಲಹೆ ಅಂದರೆ ಅಕ್ಕಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್. ಆದರೆ ಯಾದಗಿರಿ, ಕಲಬುರಗಿ ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇದೆ. ಮುಂದೆ ಬರುವ ಶಾಶ್ವತ ಹಲ್ಲು ವಸಡಿನೊಳಗೆ ಬೆಳೆಯುವುದು ಈ ವರ್ಷಗಳಲ್ಲೇ, ಹೊಟ್ಟೆಗೆ ಹೋದ ಹೆಚ್ಚಿನ ಫ್ಲೋರೈಡ್ ಅದರ ಮೇಲೆ ಕಲೆಯಾಗಿ ಕೂರುತ್ತದೆ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 1.5. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನಿಮ್ಮೂರ ನೀರಿನ ಪರೀಕ್ಷೆ ಎಷ್ಟು ಬಂದಿದೆ ಅಂತ ಗ್ರಾಮ ಪಂಚಾಯತಿಯಲ್ಲಿ ಕೇಳಿ, ಆ ಅಂಕಿ ಹಿಡಿದುಕೊಂಡು ಕೂಸಿಗೆ ವರ್ಷ ತುಂಬುವುದರೊಳಗೆ ದಂತವೈದ್ಯರ ಹತ್ತಿರ ಹೋಗಿ. ಯಾವ ಪೇಸ್ಟ್, ಯಾವಾಗಿಂದ ಅಂತ ಅವರು ಹೇಳುತ್ತಾರೆ. ಅಲ್ಲಿಯ ತನಕ ಬ್ರಷ್ಷಿಗೆ ಬರೀ ನೀರು ಸಾಕು.