ವಿಎಚ್‌ಎಸ್ ಟೇಪು ಇಳಿಸುವಾಗ ಎದುರಾದ ಡ್ರೈವರ್ ತೊಡಕುಗಳು: ನನ್ನ ಅನುಭವ

ಮುಂಬಯಿಯ ಮಾಟುಂಗ ಪರಿಸರದಲ್ಲಿರುವ ನಮ್ಮ ಬಂಧುಬಳಗದ ಮನೆಗಳಿಂದ ಬಂದ ವಿಎಚ್‌ಎಸ್ ಟೇಪುಗಳನ್ನು, ಅಂದರೆ ಹೆಚ್ಚಾಗಿ ಮದುವೆ, ಉಪನಯನ ಮತ್ತು ಈ ಊರಿನಲ್ಲೇ ನಡೆದ ಯಕ್ಷಗಾನ ಪ್ರದರ್ಶನಗಳ ಚಿತ್ರೀಕರಣಗಳನ್ನು, ಕಂಪ್ಯೂಟರಿಗೆ ಇಳಿಸುವ ಕೆಲಸವನ್ನು ನಾನು ಬಿಡುವಿನಲ್ಲಿ ಮಾಡುತ್ತಿದ್ದೇನೆ. ಟೇಪು ಓಡಿಸುವ ವಿಸಿಆರ್ ಹಳೆಯದಾದರೂ ಸುಸ್ಥಿತಿಯಲ್ಲಿತ್ತು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡ, ವಿಸಿಆರಿನ ಚಿತ್ರವನ್ನು ಕಂಪ್ಯೂಟರಿಗೆ ತಲುಪಿಸುವ, ತಯಾರಕರ ಹೆಸರೇ ಇಲ್ಲದ ಯುಎಸ್‌ಬಿ ಕ್ಯಾಪ್ಚರ್ ಸಾಧನವನ್ನು ವಿಂಡೋಸ್ 11 ಇರುವ ಲ್ಯಾಪ್‌ಟಾಪಿಗೆ ಜೋಡಿಸಿದಾಗ ಮಾತ್ರ ಸಾಧನಗಳ ಪಟ್ಟಿ ತೋರುವ ಡಿವೈಸ್ ಮ್ಯಾನೇಜರಿನಲ್ಲಿ ತೊಡಕಿನ ಗುರುತಾದ ಹಳದಿ ತ್ರಿಕೋನ ಕಾಣಿಸಿಕೊಂಡಿತು. ಡ್ರೈವರ್, ಅಂದರೆ ಸಾಧನವನ್ನು ಕಂಪ್ಯೂಟರ್ ಬಳಸುವಂತೆ ಮಾಡುವ ತಂತ್ರಾಂಶ, ಇದ್ದ ಪುಟ್ಟ ಸಿ.ಡಿ.ಯನ್ನು ಪೆಟ್ಟಿಗೆಯಲ್ಲಿಟ್ಟಿದ್ದರು, ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲವೆಂಬುದು ಬೇರೆ ಮಾತು.

ಇಂತಹ ಸಾಧನಗಳ ಡ್ರೈವರ್ ಹುಡುಕುವಾಗ ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬುವಂತಿಲ್ಲ. ‘ಈಸಿಕ್ಯಾಪ್’ ಎಂಬ ಒಂದೇ ಹೆಸರಿನಲ್ಲಿ, ನೋಡಲು ಒಂದೇ ಬಗೆಯ ಪ್ಲಾಸ್ಟಿಕ್ ಕವಚದೊಳಗೆ, ಎಸ್‌ಟಿಕೆ1160, ಇಎಂ2860, ಎಸ್‌ಎಂಐ2021, ಯುಟಿವಿ007 ಮುಂತಾದ ಪರಸ್ಪರ ಸಂಬಂಧವಿಲ್ಲದ ಚಿಪ್‌ಗಳು ಮಾರಾಟವಾಗಿವೆ ಮತ್ತು ಒಂದರ ಡ್ರೈವರ್ ಇನ್ನೊಂದಕ್ಕೆ ಒಗ್ಗುವುದಿಲ್ಲ. ಆದ್ದರಿಂದ ನಾನು ಯಾವ ಡ್ರೈವರನ್ನೂ ಹಾಕುವ ಮೊದಲು ಡಿವೈಸ್ ಮ್ಯಾನೇಜರಿನಲ್ಲಿ ಆ ಸಾಧನದ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್ ವಿಭಾಗದಲ್ಲಿ ಹಾರ್ಡ್‌ವೇರ್ ಐಡಿ ಎಂಬುದನ್ನು ಆರಿಸಿ, ಅಲ್ಲಿ ತೋರುವ ವಿಐಡಿ (ತಯಾರಕರ ಗುರುತು) ಮತ್ತು ಪಿಐಡಿ (ಉತ್ಪನ್ನದ ಗುರುತು) ಸಂಖ್ಯೆಗಳನ್ನು ಬರೆದುಕೊಂಡೆ. 05ಇ1 ಮತ್ತು 0408 ಎಂದಿದ್ದರೆ ಅದು ಎಸ್‌ಟಿಕೆ1160. 1ಬಿ71 ಮತ್ತು 3002 ಎಂದಿದ್ದರೆ ಯುಟಿವಿ007. ನನ್ನದು ಎರಡನೆಯದು. ‘ಎಲ್ಲ ಸಾಧನಗಳಿಗೂ ಒಂದೇ ಡ್ರೈವರ್’ ಎಂದು ಹೇಳಿಕೊಳ್ಳುವ ಉಚಿತ ತಂತ್ರಾಂಶಗಳನ್ನು ನಾನು ಹತ್ತಿರವೂ ಸುಳಿಯಗೊಡುವುದಿಲ್ಲ.

ಸಾಧನವೇ ಕೆಟ್ಟಿದೆಯೋ ಡ್ರೈವರ್ ಮಾತ್ರ ಸರಿಯಿಲ್ಲವೋ ಎಂಬುದನ್ನು ತಿಳಿಯಲು ಒಂದು ಸುಲಭ ಉಪಾಯವಿದೆ. ಪೆನ್‌ಡ್ರೈವಿನಿಂದಲೇ ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸ್ ಚಾಲೂ ಮಾಡಿ ಅದೇ ಸಾಧನವನ್ನು ಜೋಡಿಸಿ ನೋಡಬೇಕು. ಎಸ್‌ಟಿಕೆ1160ರ ಡ್ರೈವರ್ ಲಿನಕ್ಸ್ ಕರ್ನೆಲ್‌ನ (ಅದರ ತಿರುಳು ಭಾಗದ) 3.7ನೆಯ ಆವೃತ್ತಿಯಿಂದಲೂ ಯುಟಿವಿ007ರ ಡ್ರೈವರ್ 3.11ರಿಂದಲೂ ಕರ್ನೆಲ್‌ನೊಳಗೇ ಇರುವುದರಿಂದ ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ. ಲಿನಕ್ಸಿನಲ್ಲಿ ನನ್ನ ಸಾಧನದ ಚಿತ್ರ ಸ್ವಚ್ಛವಾಗಿ ಬಂದಿತು. ಅಲ್ಲಿಗೆ, ಅಂಗಡಿಗೆ ಮರಳಿ ಹೋಗಿ ವಾದಿಸುವ ಅಗತ್ಯ ಉಳಿಯಲಿಲ್ಲ.

ವಿಂಡೋಸಿನಲ್ಲಿ ಹಳದಿ ತ್ರಿಕೋನದ ಜೊತೆಗೆ ಬರುವ ಕೋಡ್ ಸಂಖ್ಯೆಯನ್ನು ಓದದೆ ಮುಂದುವರಿಯುವುದರಲ್ಲಿ ಅರ್ಥವಿಲ್ಲ. ಕೋಡ್ 28 ಎಂದರೆ ಡ್ರೈವರ್ ಇಲ್ಲ. 52 ಎಂದರೆ ಡ್ರೈವರಿನ ಡಿಜಿಟಲ್ ಸಹಿಯನ್ನು ಖಚಿತಪಡಿಸಿಕೊಳ್ಳಲು ಆಗಲಿಲ್ಲ. 10 ಎಂದರೆ ಸಾಧನವು ಚಾಲೂ ಆಗುತ್ತಿಲ್ಲ. 39 ಎಂದರೆ ಡ್ರೈವರನ್ನು ಲೋಡ್ ಮಾಡಲಾಗುತ್ತಿಲ್ಲ. ಸರಿಯಾದ ಡ್ರೈವರನ್ನೇ ಹಾಕಿದ ಬಳಿಕ ನನಗೆ ಸಿಕ್ಕಿದ್ದು 39. ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಶನ್ ವಿಭಾಗದಲ್ಲಿ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆ ಚಾಲೂ ಇದ್ದಾಗ, ಅದರ ನಿಯಮಗಳಿಗೆ ಹೊಂದದ ಹಳೆಯ ಡ್ರೈವರುಗಳನ್ನು ಅದು ತಡೆಯುತ್ತದೆ. ಆ ರಕ್ಷಣೆಯನ್ನು ಬಂದ್ ಮಾಡಿದರೆ ಕೆಲಸವಾಗುತ್ತದೆ, ನಿಜ. ಆದರೆ ಬ್ಯಾಂಕಿನ ವ್ಯವಹಾರವನ್ನೂ ಮಾಡುವ ಲ್ಯಾಪ್‌ಟಾಪಿನಲ್ಲಿ ಅದನ್ನು ಬಂದ್ ಮಾಡಿಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಮೂಲೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪನ್ನು ಇಂಟರ್ನೆಟ್ಟಿನಿಂದ ಬೇರ್ಪಡಿಸಿ ಈ ಕೆಲಸಕ್ಕೇ ಮೀಸಲಿಟ್ಟೆ.

ಹಿಂದೆ ಬೇರೆ ಸಾಧನಗಳಿಗೆ ಹಾಕಿದ ಡ್ರೈವರುಗಳು ಆ ಡೆಸ್ಕ್‌ಟಾಪಿನಲ್ಲಿ ಉಳಿದುಕೊಂಡಿದ್ದವು. ಅಡ್ಮಿನಿಸ್ಟ್ರೇಟರ್ ಅಧಿಕಾರದ ಕಮಾಂಡ್ ಪ್ರಾಂಪ್ಟಿನಲ್ಲಿ ‘ಪಿಎನ್‌ಪಿಯುಟಿಲ್’ ಎಂಬ ವಿಂಡೋಸಿನದೇ ಆದೇಶವನ್ನು ಬಳಸಿ, ಹೊರಗಿನಿಂದ ಬಂದ ಡ್ರೈವರುಗಳ ಪಟ್ಟಿಯನ್ನು ತೆಗೆದು, ಬೇಡವಾದವನ್ನು ಅಳಿಸಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದ ಬಳಿಕವೇ ಹೊಸದನ್ನು ಹಾಕಿದೆ. ಸೀರಿಯಲ್ ಸಂಖ್ಯೆಯಿಲ್ಲದ ಇಂತಹ ಸಾಧನವನ್ನು ಬೇರೊಂದು ಯುಎಸ್‌ಬಿ ಪೋರ್ಟಿಗೆ ಚುಚ್ಚಿದರೆ ವಿಂಡೋಸ್ ಅದನ್ನು ಹೊಸ ಸಾಧನವೆಂದೇ ಎಣಿಸುತ್ತದೆ. ಹಾಗಾಗಿ ಒಂದು ಪೋರ್ಟನ್ನು ಆರಿಸಿ ಅದಕ್ಕೆ ಚೀಟಿ ಅಂಟಿಸಿದ್ದೇನೆ.

ತ್ರಿಕೋನ ಮಾಯವಾದರೂ ಪರದೆ ಕಪ್ಪಾಗಿಯೇ ಇತ್ತು. ವಿಂಡೋಸ್ ಈ ಸಾಧನವನ್ನು ಕ್ಯಾಮೆರಾ ಎಂದೂ ಅದರ ಧ್ವನಿಯನ್ನು ಮೈಕ್ರೊಫೋನ್ ಎಂದೂ ಪರಿಗಣಿಸಬಹುದಾದ್ದರಿಂದ, ಪ್ರೈವೆಸಿ ಸೆಟ್ಟಿಂಗಿನಲ್ಲಿ ಡೆಸ್ಕ್‌ಟಾಪ್ ತಂತ್ರಾಂಶಗಳಿಗೆ ಇವೆರಡರ ಅನುಮತಿಯನ್ನೂ ಕೊಡಬೇಕು. ಅನುಮತಿ ಕೊಟ್ಟ ಮೇಲೆ ಚಿತ್ರ ಬಂದಿತು, ಆದರೆ ಬಣ್ಣವಿಲ್ಲದೆ ಉರುಳುತ್ತಿತ್ತು. ತಂತ್ರಾಂಶವು ಅಮೆರಿಕದ ಟಿ.ವಿ. ಚಿತ್ರದ ಪದ್ಧತಿಯಾದ ಎನ್‌ಟಿಎಸ್‌ಸಿಯನ್ನು ಆರಿಸಿಕೊಂಡಿತ್ತು. ನಮ್ಮ ದೇಶದ ಟೇಪುಗಳು ಪಾಲ್ ಪದ್ಧತಿಯವು, ಸೆಕೆಂಡಿಗೆ 25 ಫ್ರೇಮು (ಬಿಡಿಚಿತ್ರ), ಒಂದೊಂದು ಫ್ರೇಮಿಗೆ 625 ಗೆರೆ. ಅಮೆರಿಕದಿಂದ ಬಂಧುಗಳು ಕಳಿಸಿದ ಟೇಪುಗಳಿಗೆ ಮಾತ್ರ ಎನ್‌ಟಿಎಸ್‌ಸಿ ಬೇಕು, ಮತ್ತು ಅವುಗಳನ್ನು ಓದಬಲ್ಲ ವಿಸಿಆರ್ ಕೂಡ ಬೇಕು.

ನಂತರ ಉಳಿದದ್ದು ಫ್ರೇಮುಗಳು ಬಿಟ್ಟುಹೋಗುವ ಸಮಸ್ಯೆ. 720×576 ಅಳತೆಯ ಚಿತ್ರಕ್ಕೆ ಪಿಕ್ಸೆಲ್‌ಗೆ 2 ಬೈಟಿನಂತೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 20.7 ಮೆಗಾಬೈಟು ಹರಿಯಬೇಕು, ಯುಎಸ್‌ಬಿ 2.0ರಲ್ಲಿ ಇಂತಹ ನಿರಂತರ ಹರಿವಿನ ಒಂದು ಮಾರ್ಗಕ್ಕೆ ಇರುವ ಮಿತಿಯೇ ಸುಮಾರು 24.6 ಮೆಗಾಬೈಟು. ಒಂದು ಪೋರ್ಟನ್ನು ಹಲವಾಗಿಸುವ ಹಬ್‌ಗೆ ಈ ಸಾಧನದ ಜೊತೆ ಹೊರಗಿನ ಹಾರ್ಡ್‌ಡಿಸ್ಕನ್ನೂ ಸಿಕ್ಕಿಸಿದರೆ ಫ್ರೇಮು ಬಿಡುವುದರಲ್ಲಿ ಆಶ್ಚರ್ಯವೇನು? ಸಾಧನವನ್ನು ನೇರವಾಗಿ ಹಿಂಬದಿಯ ಪೋರ್ಟಿಗೆ ಜೋಡಿಸಿ, ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬ ವಿದ್ಯುತ್ ಉಳಿಸುವ ಸೌಲಭ್ಯವನ್ನು ಬಂದ್ ಮಾಡಿ, ಒಳಗಿನ ಡಿಸ್ಕಿಗೇ ಬರೆಸಿದಾಗ ಅದು ಬಹುಮಟ್ಟಿಗೆ ನಿಂತಿತು.

ಆದರೂ ಕೆಲವು ಟೇಪುಗಳಲ್ಲಿ ಚಿತ್ರ ಸ್ತಬ್ಧವಾಗಿ ತಂತ್ರಾಂಶವೇ ಸ್ಥಗಿತಗೊಳ್ಳುತ್ತದೆ, ಮತ್ತು ನೋಡುವವರಿಗೆ ಇದು ಡ್ರೈವರಿನ ದೋಷದಂತೆಯೇ ಕಾಣುತ್ತದೆ. ಆಗ ನಾನು ವಿಸಿಆರಿನ ಬದಲು ಡಿವಿಡಿ ಪ್ಲೇಯರಿನ ಹಳದಿ ಎವಿ ಕೇಬಲನ್ನು ಅದೇ ಸಾಧನಕ್ಕೆ ಜೋಡಿಸುತ್ತೇನೆ. ಡಿವಿಡಿಯ ಚಿತ್ರ ಅಲುಗಾಡದೆ ಬಂದರೆ ಕಂಪ್ಯೂಟರನ್ನು ಅಷ್ಟಕ್ಕೇ ಬಿಟ್ಟು, ವಿಸಿಆರಿನ ಟ್ರ್ಯಾಕಿಂಗ್ (ಟೇಪಿಗೂ ಹೆಡ್ಡಿಗೂ ಇರುವ ಹೊಂದಾಣಿಕೆ) ಸರಿಪಡಿಸಿ, ಟೇಪನ್ನು ಓದುವ ಹೆಡ್ ಶುಚಿಗೊಳಿಸುತ್ತೇನೆ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದ ಟೇಪುಗಳನ್ನು ಬೇರೆಯೇ ಡಬ್ಬಿಯಲ್ಲಿಡುತ್ತೇನೆ; ಅವುಗಳನ್ನು ಶುಚಿಗೊಳಿಸುವವರೆಗೆ ವಿಸಿಆರಿಗೆ ಹಾಕುವುದಿಲ್ಲ.